ಪೊರೆ ಆಪರೇಷನ್ ಆದ ಮೇಲೆ ಕಣ್ಣಿಗೆ ಸೋಂಕು: ಮೊದಲಿಗಿಂತ ನಿಜವಾಗಿಯೂ ಕಡಿಮೆಯಾಗಿದೆಯಾ?

ಮಲೆನಾಡ ಸೊಸೆ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಅತ್ತೆಯವರ ಎಡಗಣ್ಣಿಗೆ ಪೊರೆ ಆಪರೇಷನ್ ಇದೆ. ಬಲಗಣ್ಣಿಗೆ ಎರಡು ವರ್ಷದ ಹಿಂದೆ ಆಯ್ತು. ಏನೂ ತೊಂದರೆ ಇಲ್ಲ, ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಾರೆ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ. ಆದರೂ ನನಗೆ ಭಯ ಬಿಟ್ಟಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ.

ಹನ್ನೊಂದು ವರ್ಷದ ಹಿಂದೆ ನನ್ನ ದೊಡ್ಡಮ್ಮನಿಗೆ ಇದೇ ಆಪರೇಷನ್ ಆಯ್ತು. ಗುರುವಾರ ಆಪರೇಷನ್. ಶುಕ್ರವಾರ ಪಟ್ಟಿ ಬಿಚ್ಚಿದಾಗ ಗೋಡೆ ಗಡಿಯಾರದ ಮುಳ್ಳು ಕಾಣುತ್ತಿದೆ ಅಂತ ಖುಷಿಪಟ್ಟಿದ್ದರು. ಶನಿವಾರ ಸಂಜೆ ಕಣ್ಣು ಸ್ವಲ್ಪ ಕೆಂಪಾಯ್ತು. ಭಾನುವಾರ ಮನೆಯಲ್ಲಿ ಮೊಮ್ಮಗನ ನಾಮಕರಣ. ಕಣ್ಣು ಮಂಜಾಗುತ್ತಿದೆ ಅಂತ ಅವರಿಗೆ ಗೊತ್ತಾಗಿತ್ತು, ಆದರೆ ಶುಭಕಾರ್ಯದ ದಿನ ಯಾರಿಗೂ ತೊಂದರೆ ಬೇಡ ಅಂತ ಬಾಯಿ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಕಾಫಿ ಕೊಟ್ಟೆ. ಅವರು ಕೈ ಚಾಚಿದ್ದು ಲೋಟದ ಪಕ್ಕಕ್ಕೆ. ಇನ್ನೊಂದು ಕಣ್ಣಿಗೆ ಮೊದಲೇ ಪೊರೆ ಕವಿದಿತ್ತು. ಹತ್ತಿರ ಹೋಗಿ ನೋಡಿದರೆ ಕಪ್ಪುಗುಡ್ಡೆಯ ತಳದಲ್ಲಿ ಬೆಳ್ಳಗೆ ಒಂದು ಗೆರೆ, ಲೋಟದ ತಳದಲ್ಲಿ ಹಾಲು ಉಳಿದ ಹಾಗೆ, ಮೇಲೆ ಸಮವಾಗಿ. ಅದು ಕೀವು ಅಂತ ಆಮೇಲೆ ಗೊತ್ತಾಯ್ತು. ನಮ್ಮೂರಿಂದ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಂಗಳವಾರ. ಕಣ್ಣೊಳಗೆ ಇಂಜೆಕ್ಷನ್ ಕೊಟ್ಟರು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಈಗ ಲೈಟ್ ಹಾಕಿದ್ದು, ಆರಿಸಿದ್ದು ಮಾತ್ರ ತಿಳಿಯುತ್ತದೆ.

ಈಗಿನ ಡಾಕ್ಟರನ್ನು ಕೇಳಿದರೆ "ಈಗೆಲ್ಲ ಅದು ತುಂಬಾ ಅಪರೂಪ ಅಮ್ಮ" ಅನ್ನುತ್ತಾರೆ. ಅಪರೂಪ ಅಂದರೆ ಎಷ್ಟು? ಆಗಿಗಿಂತ ಈಗ ಕಡಿಮೆಯಾಗಿದೆಯಾ? ಕಡಿಮೆಯಾಗಿದ್ದರೆ ಯಾವುದರಿಂದ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು:
ಸೊಸೆಯವರೇ, ದೊಡ್ಡಮ್ಮನ ವಿಷಯ ಓದಿ ಸಂಕಟವಾಯಿತು. ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ನನ್ನ ತಂಗಿಯ ಆಪರೇಷನ್ ಸಮಯದಲ್ಲಿ ಇದನ್ನೆಲ್ಲ ಕೂತು ಓದಿದ್ದೆ, ಹಾಗಾಗಿ ಅಂಕಿಗಳ ಬಗ್ಗೆ ಹೇಳಬಲ್ಲೆ.

ಕಡಿಮೆಯಾಗಿದೆ. ಆದರೆ ನೆಟ್ಟಗೆ ಇಳಿದು ಬಂದಿಲ್ಲ, ನಡುವೆ ಒಮ್ಮೆ ಏರಿದೆ. ಆ ಏರಿಕೆಯೇ ನನಗೆ ಜಾಸ್ತಿ ಕಲಿಸಿದ್ದು. 2005ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಜಗತ್ತಿನ ಬೇರೆ ಬೇರೆ ಕಡೆಯ 30 ಲಕ್ಷಕ್ಕೂ ಹೆಚ್ಚು ಪೊರೆ ಆಪರೇಷನ್‌ಗಳ ವರದಿಗಳನ್ನು ಒಟ್ಟು ಸೇರಿಸಿ ನೋಡಿದ್ದರು. 1970ರ ದಶಕದಲ್ಲಿ ನೂರಕ್ಕೆ 0.327. ಅಂದರೆ ಸುಮಾರು 300 ಜನರಲ್ಲಿ ಒಬ್ಬರಿಗೆ ಕಣ್ಣೊಳಗೆ ಸೋಂಕು. 1980ರ ದಶಕದಲ್ಲಿ ಅದು ಅರ್ಧಕ್ಕೆ ಇಳಿಯಿತು. 1990ರ ದಶಕದಲ್ಲಿ 0.087, ಸುಮಾರು 1,150ಕ್ಕೆ ಒಬ್ಬರು. ಇಲ್ಲಿಯವರೆಗೆ ಸರಿ. ಆಮೇಲೆ 2000ದಿಂದ 2003ರ ವರದಿಗಳಲ್ಲಿ 0.265ಕ್ಕೆ ಹಾರಿತು. ಮತ್ತೆ 400ಕ್ಕಿಂತ ಕಡಿಮೆ ಜನರಲ್ಲಿ ಒಬ್ಬರಿಗೆ! ಮೆಷಿನ್ ಹೊಸದು, ಲೆನ್ಸ್ ಹೊಸದು, ಡಾಕ್ಟರುಗಳ ಕೈ ಪಳಗಿತ್ತು, ಆದರೂ ಸೋಂಕು ಏರಿತು. ಕಾರಣ ಡಾಕ್ಟರ್ ಯಾರಾದರೂ ಇಲ್ಲಿದ್ದರೆ ಹೇಳಲಿ, ನಾನು ಹೇಳಿದರೆ ತಪ್ಪಾದೀತು.

ನಿವೃತ್ತ ಕಣ್ಣು ಡಾಕ್ಟರ್:
ಮೇಷ್ಟ್ರು ಕೊಟ್ಟ ಅಂಕಿ ಸರಿ. ಆಗ ಬದಲಾಗಿದ್ದು ಗಾಯ. ಹಳೇ ಕಾಲದಲ್ಲಿ ಹತ್ತು ಹನ್ನೆರಡು ಮಿಲಿಮೀಟರ್ ಕೊಯ್ದು, ಇಡೀ ಪೊರೆ ತೆಗೆದು, ಹೊಲಿಗೆ ಹಾಕುತ್ತಿದ್ದೆವು. ಆಮೇಲೆ ಫೇಕೋ ಬಂತು, ಅಂದರೆ ಮೆಷಿನ್ನಿನಿಂದ ಪೊರೆಯನ್ನು ಕಣ್ಣೊಳಗೇ ಪುಡಿ ಮಾಡಿ ಹೀರಿ ತೆಗೆಯುವ ಪದ್ಧತಿ. ಮೂರು ಮಿಲಿಮೀಟರಿಗಿಂತ ಸಣ್ಣ ಗಾಯ, ಹೊಲಿಗೆಯೇ ಬೇಡ. ಹಲವರು ಆ ಗಾಯವನ್ನು ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲೇ ಮಾಡತೊಡಗಿದರು. ಬೇಗ ಆಗುತ್ತದೆ, ರಕ್ತ ಬರುವುದಿಲ್ಲ, ರೋಗಿಗೂ ಸುಖ. ಆದರೆ ಸರಿಯಾಗಿ ಕೂಡದಿದ್ದರೆ ಆ ಗಾಯ ಬಾಗಿಲ ಸಂದಿನ ಹಾಗೆ. ಆಪರೇಷನ್ ಆದ ಮೊದಲ ಕೆಲವು ಗಂಟೆ ಕಣ್ಣೊಳಗಿನ ಒತ್ತಡ ಏರಿಳಿಯುತ್ತದೆ. ಒತ್ತಡ ಬಿದ್ದಾಗ ಹೊರಗಿನ ಕಣ್ಣೀರು ಸಂದಿಯಿಂದ ಒಳಗೆ ಎಳೆದುಕೊಳ್ಳಬಹುದು. ಕಣ್ಣೀರಿನ ಜೊತೆ ರೆಪ್ಪೆ ಮೇಲಿನ ಕ್ರಿಮಿಯೂ ಹೋಗುತ್ತದೆ. ಬಹುಪಾಲು ಸೋಂಕು ಬರುವುದು ರೋಗಿಯ ರೆಪ್ಪೆ, ಚರ್ಮದಲ್ಲಿರುವ ಕ್ರಿಮಿಯಿಂದಲೇ.

ಅದು ತಿಳಿದ ಮೇಲೆ ಗಾಯದ ಆಕಾರ ಸುಧಾರಿಸಿತು, ಕೊನೆಯಲ್ಲಿ ಗಾಯ ಸೋರುತ್ತದೆಯೇ ಅಂತ ಒತ್ತಿ ನೋಡುವುದು ರೂಢಿಯಾಯಿತು, ಅನುಮಾನ ಬಂದರೆ ಒಂದು ಹೊಲಿಗೆ ಹಾಕುತ್ತೇವೆ. ನಮ್ಮ ದೇಶದಲ್ಲಿ ಹೆಚ್ಚು ಮಾಡುವ ಹೊಲಿಗೆ ಇಲ್ಲದ ಸಣ್ಣ ಗಾಯದ ಆಪರೇಷನ್‌ನಲ್ಲಿ ಗಾಯ ಆರೇಳು ಮಿಲಿಮೀಟರ್ ಇದ್ದರೂ, ಬಿಳಿಗುಡ್ಡೆಯಿಂದ ಸುರಂಗದ ಹಾಗೆ ಓರೆಯಾಗಿ ಹೋಗುವುದರಿಂದ ತಾನೇ ಮುಚ್ಚಿಕೊಳ್ಳುತ್ತದೆ. ಅಗ್ಗದ ಆಪರೇಷನ್ ಅಂದರೆ ಕಳಪೆ ಅಂತ ಯಾರೂ ತಿಳಿಯಬೇಡಿ.

ಇನ್ನೆರಡು ವಸ್ತುಗಳ ಪಾತ್ರ ದೊಡ್ಡದು. ಒಂದು, ಆಪರೇಷನ್‌ಗೆ ಮೊದಲು ಕಣ್ಣಿಗೆ ಬಿಡುವ 5% ಪೊವಿಡೋನ್ ಐಯೋಡಿನ್ ಅನ್ನುವ ಕ್ರಿಮಿನಾಶಕ. 1991ರಲ್ಲಿ ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ ಅದನ್ನು ಬಳಸಿದ ಕಡೆ 0.06, ಬಳಸದ ಕಡೆ 0.24 ಇತ್ತು. ಅಷ್ಟು ಕಡಿಮೆ ಬೆಲೆಯ ಔಷಧಿ ಕಣ್ಣಿನ ಲೋಕದಲ್ಲಿ ಇನ್ನೊಂದಿಲ್ಲ. ಎರಡನೆಯದು, ಆಪರೇಷನ್ ಮುಗಿಯುವಾಗ ಕಣ್ಣಿನ ಮುಂದಿನ ಕೋಣೆಗೇ ಆಂಟಿಬಯೋಟಿಕ್ ಬಿಡುವುದು. ಇದರ ಕತೆ ಉದ್ದ, ರಾತ್ರಿ ಬರೆಯುತ್ತೇನೆ.

ಬಯಲುಸೀಮೆ ಹುಡುಗ:
ಉಚಿತ ಕಣ್ಣಿನ ಆಪರೇಷನ್ ಕ್ಯಾಂಪ್‌ಗೆ ಹೋಗಲೇಬೇಡಿ ಅನ್ನುವುದೇ ನನ್ನ ಸಲಹೆ. 2021ರಲ್ಲಿ ಬಿಹಾರದ ಮುಜಫ್ಫರ್‌ಪುರದಲ್ಲಿ ಒಂದೇ ದಿನ 65 ಜನರಿಗೆ ಆಪರೇಷನ್ ಮಾಡಿ, ಹತ್ತಕ್ಕೂ ಹೆಚ್ಚು ಜನರ ಕಣ್ಣನ್ನೇ ತೆಗೆಯಬೇಕಾಯಿತು. ಅದಕ್ಕೆ ಮೊದಲು 2015ರಲ್ಲಿ ಮಧ್ಯಪ್ರದೇಶದ ಬಡವಾನಿ, 2014ರಲ್ಲಿ ಪಂಜಾಬಿನ ಗುರುದಾಸ್‌ಪುರ. ಬೆಂಗಳೂರಿನಲ್ಲೇ 2019ರ ಜುಲೈನಲ್ಲಿ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಆಯ್ತಲ್ಲ? ಕಣ್ಣು ಹೋದವರೆಲ್ಲ ಬಡವರು. ಅಂಕಿ ಕಡಿಮೆಯಾಗಿದೆ ಅಂತ ಅವರ ಮುಂದೆ ಹೇಗೆ ಹೇಳುವುದು?

ಒಟಿ ಸಿಸ್ಟರ್ ಹುಬ್ಬಳ್ಳಿ:
ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದೇ. ನಾನು 22 ವರ್ಷ ಕಣ್ಣಿನ ಒಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಕೆಲಸ ಮಾಡಿದವಳು. ಆ ಸುದ್ದಿಗಳು ಬಂದಾಗ ನಮಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೆ ಅಲ್ಲಿ ಆದದ್ದು ಬೇರೆ, ಸೊಸೆಯವರ ದೊಡ್ಡಮ್ಮನಿಗೆ ಆದದ್ದು ಬೇರೆ ಇರಬಹುದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು.

ಒಬ್ಬರಿಗೆ ಸೋಂಕಾದರೆ ಅದು ಅವರ ರೆಪ್ಪೆಯಿಂದ ಬಂದಿರಬಹುದು, ಎಷ್ಟು ಜಾಗ್ರತೆ ಮಾಡಿದರೂ ಸೊನ್ನೆ ಆಗುವುದಿಲ್ಲ. ಒಂದೇ ದಿನ ಹತ್ತು ಜನರಿಗೆ ಆದರೆ ಅದು ರೋಗಿಯಿಂದ ಬಂದದ್ದಲ್ಲ, ಒಟಿಯಿಂದ ಬಂದದ್ದು. ಎಲ್ಲರ ಕಣ್ಣಿಗೂ ಹೋಗುವಂಥದ್ದು ಏನು? ಕಣ್ಣು ತೊಳೆಯುವ ರಿಂಗರ್ ಲ್ಯಾಕ್ಟೇಟ್ ಬಾಟಲಿ, ಒಳಗೆ ತುಂಬುವ ಜೆಲ್, ಬಣ್ಣದ ಔಷಧಿ, ಮೆಷಿನ್ನಿನ ಕೊಳವೆ, ಉಪಕರಣಗಳನ್ನು ಬಿಸಿ ಉಗಿಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್. ಮಿಂಟೋ ವಿಷಯದಲ್ಲೂ 24 ಜನರಿಗೆ ಆಪರೇಷನ್ ಆದ ಆ ದಿನ ಬಳಸಿದ ಜೆಲ್ ಮೇಲೆಯೇ ಬೊಟ್ಟು ಮಾಡಿದ್ದು. ಜೆಲ್ ಕೆಟ್ಟು ಬಂದರೆ ಡಾಕ್ಟರ್ ಎಷ್ಟೇ ಕೈ ತೊಳೆದರೂ ಪ್ರಯೋಜನವಿಲ್ಲ. ಇಂಥ ಕಡೆ ಹೆಚ್ಚಾಗಿ ಸಿಗುವುದು ಸೂಡೋಮೊನಾಸ್ ಅನ್ನುವ ಕ್ರಿಮಿ. ನೀರು ಅಂದರೆ ಅದಕ್ಕೆ ತವರುಮನೆ. ಕಣ್ಣೊಳಗೆ ಹೋದರೆ ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತದೆ.

ನಮ್ಮ ಒಟಿಯಲ್ಲಿ ಏನು ಮಾಡುತ್ತಿದ್ದೆವು ಅಂತ ಹೇಳುತ್ತೇನೆ. ಆಟೋಕ್ಲೇವ್‌ಗೆ ಹಾಕುವ ಪ್ರತಿ ಟ್ರೇ ಒಳಗೆ ಒಂದು ಕಾಗದದ ಪಟ್ಟಿ ಇಡುತ್ತೇವೆ. ಬಿಸಿ ಉಗಿ ಒಳಗಿನವರೆಗೂ ಮುಟ್ಟಿದ್ದರೆ ಪಟ್ಟಿ ಕಪ್ಪಾಗುತ್ತದೆ. ಅರ್ಧಂಬರ್ಧ ಬಣ್ಣ ತಿರುಗಿದರೆ ಇಡೀ ಟ್ರೇ ವಾಪಸ್. ಒಂದು ದಿನ ಹದಿನಾಲ್ಕು ಜನ ಹಸಿರು ಗೌನ್ ಹಾಕಿಕೊಂಡು, ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಟ್ರೇ ತೆಗೆದು ನೋಡಿದೆ, ಪಟ್ಟಿಯ ಒಂದು ಮೂಲೆ ಕಂದು ಬಣ್ಣದಲ್ಲೇ ಉಳಿದಿತ್ತು. ಹೊರಗೆ ಡ್ರೈವರ್ ಕಾಯುತ್ತಿದ್ದಾನೆ, ಹಳ್ಳಿಯಿಂದ ಬಂದವರು ಉಪವಾಸ ಇದ್ದಾರೆ, ಡಾಕ್ಟರ್ ಕೈ ತೊಳೆಯಲು ನಿಂತಿದ್ದಾರೆ. "ಸರ್, ಇವತ್ತು ಆಗುವುದಿಲ್ಲ" ಅಂದೆ. ಅವರು ಪಟ್ಟಿ ಬೆಳಕಿಗೆ ಹಿಡಿದು ನೋಡಿ ಗ್ಲೌಸ್ ಕೆಳಗಿಟ್ಟರು. ಹದಿನಾಲ್ಕು ಜನರಿಗೂ ಊಟ ಹಾಕಿಸಿ ಕಳಿಸಿದೆವು. ಬೈದವರು ಬೈದರು. ಮೆಷಿನ್ನಿನ ರಬ್ಬರ್ ಬಳೆ ಹರಿದಿತ್ತು.

ಐಯೋಡಿನ್ ವಿಷಯ ಡಾಕ್ಟರ್ ಹೇಳಿದರು. ಅದನ್ನು ಕಣ್ಣಿಗೆ ಹಾಕಿ ಗಡಿಯಾರ ನೋಡಿಕೊಂಡು ಮೂರು ನಿಮಿಷ ಕಾಯಬೇಕು. ಅವಸರದ ದಿನ ಮೊದಲು ಕಳೆದುಹೋಗುವುದು ಆ ಮೂರು ನಿಮಿಷ. ಒಬ್ಬರಿಗೆ ಬಳಸಿ ಉಳಿದ ಬಾಟಲಿಯನ್ನು ಇನ್ನೊಬ್ಬರಿಗೆ ಬಳಸಬಾರದು. ಪ್ರತಿ ರೋಗಿಯ ಹಾಳೆಯಲ್ಲಿ ಲೆನ್ಸ್, ಜೆಲ್, ಬಾಟಲಿ ಎಲ್ಲದರ ಬ್ಯಾಚ್ ನಂಬರ್ ಬರೆಯಬೇಕು. ತೊಂದರೆಯಾದರೆ ಹುಡುಕಲು ಅದೊಂದೇ ದಾರಿ.

ಬಯಲುಸೀಮೆ ಹುಡುಗ:
ಸಿಸ್ಟರ್, ಆ ಹದಿನಾಲ್ಕು ಜನರನ್ನು ವಾಪಸ್ ಕಳಿಸಿದ್ದು ಓದಿ ಮಾತು ಬರಲಿಲ್ಲ. ಕ್ಯಾಂಪ್ ಬಗ್ಗೆ ಹೇಳಿದ ಮಾತಿನಲ್ಲಿ ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಅಜ್ಜನಿಗೂ ಡಾ. ಎಂ.ಸಿ. ಮೋದಿಯವರ ಕ್ಯಾಂಪಿನಲ್ಲೇ ಆಪರೇಷನ್ ಆಗಿತ್ತಂತೆ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಸಾಯುವವರೆಗೂ ಹೊಲಕ್ಕೆ ಹೋದರು.

ನಿವೃತ್ತ ಕಣ್ಣು ಡಾಕ್ಟರ್:
ಮೋದಿಯವರ ಹೆಸರು ತೆಗೆದದ್ದು ಒಳ್ಳೆಯದಾಯಿತು. ಊರೂರು ಸುತ್ತಿ ಲಕ್ಷಗಟ್ಟಲೆ ಜನರಿಗೆ ಕಣ್ಣು ಕೊಟ್ಟವರು. ಆಗ ಊರಿಗೆ ಹೋಗಿ ಶಾಲೆ, ಛತ್ರದಲ್ಲೇ ಆಪರೇಷನ್ ಮಾಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದೇ 1976ರಲ್ಲಿ. 1990ರ ದಶಕದ ನಡುವಿನಿಂದ ನಿಧಾನವಾಗಿ ಪದ್ಧತಿ ಬದಲಾಯಿತು. ಊರಿನಲ್ಲಿ ತಪಾಸಣೆ ಮಾತ್ರ. ಪೊರೆ ಇದ್ದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆತಂದು ಪಕ್ಕಾ ಒಟಿಯಲ್ಲಿ ಆಪರೇಷನ್ ಮಾಡಿ ವಾಪಸ್ ಬಿಡುವುದು. ಈಗ ಕ್ಯಾಂಪ್ ಅಂದರೆ ಹೀಗೇ ಇರಬೇಕು. ಶಾಲೆಯ ಬೆಂಚಿನ ಮೇಲೆ ಯಾರಾದರೂ ಆಪರೇಷನ್ ಮಾಡುತ್ತೇವೆ ಅಂದರೆ ಎದ್ದು ಬನ್ನಿ. ಬಸ್ ಕಳಿಸಿ ಕರೆಸಿಕೊಂಡರೆ ಹೆದರಬೇಡಿ.

ಈಗ ಆಂಟಿಬಯೋಟಿಕ್ ಕತೆ. ಕಣ್ಣಿಗೆ ಡ್ರಾಪ್ಸ್ ಹಾಕುತ್ತೇವೆ, ಮಾತ್ರೆ ಕೊಡುತ್ತೇವೆ, ಆದರೆ ಕಣ್ಣೊಳಗೆ ಬೇಕಾದಷ್ಟು ಸೇರುವುದಿಲ್ಲ. ಹಾಗಾದರೆ ನೇರವಾಗಿ ಒಳಗೇ ಬಿಟ್ಟರೆ? ಸ್ವೀಡನ್ನಿನ ಡಾಕ್ಟರುಗಳು 1990ರ ದಶಕದಲ್ಲೇ ಸೆಫುರಾಕ್ಸಿಮ್ ಅನ್ನುವ ಆಂಟಿಬಯೋಟಿಕ್ ಅನ್ನು ಹಾಗೆ ಬಿಡತೊಡಗಿದರು. ಅದನ್ನು ಪರೀಕ್ಷಿಸಲು ಯುರೋಪಿನ ಒಂಬತ್ತು ದೇಶಗಳಲ್ಲಿ 16 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ದೊಡ್ಡ ಅಧ್ಯಯನ ಮಾಡಿದರು. ಲಾಭ ಎಷ್ಟು ಸ್ಪಷ್ಟವಿತ್ತು ಅಂದರೆ 2006ರ ಆರಂಭದಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಔಷಧಿ ಹಾಕದವರಲ್ಲಿ ಸೋಂಕು ಸುಮಾರು ಐದು ಪಟ್ಟು ಜಾಸ್ತಿ ಇತ್ತು. ಆಮೇಲೆ ಫ್ರಾನ್ಸಿನಲ್ಲಿ ಈ ಪದ್ಧತಿ ಹರಡುತ್ತಾ ಹೋದ ಹಾಗೆ ಇಡೀ ದೇಶದ ಅಂಕಿ ಇಳಿಯಿತು. 2005ರಲ್ಲಿ 0.145 ಇದ್ದದ್ದು 2014ಕ್ಕೆ 0.053.

ನಮ್ಮ ಪಕ್ಕದ ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯವರು ಮಾಕ್ಸಿಫ್ಲಾಕ್ಸಾಸಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಬಳಸಿದರು. ಅವರ ಲೆಕ್ಕ ನೋಡಿದಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು. 2017ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಕಣ್ಣುಗಳ ಲೆಕ್ಕ, 2019ರಲ್ಲಿ 20 ಲಕ್ಷ ಕಣ್ಣುಗಳ ಲೆಕ್ಕ ಪ್ರಕಟಿಸಿದರು. ಔಷಧಿ ಹಾಕದಿದ್ದಾಗ 0.07, ಹಾಕಿದ ಮೇಲೆ 0.02. ಅಂದರೆ ಸುಮಾರು 1,400ಕ್ಕೆ ಒಬ್ಬರು ಇದ್ದದ್ದು 5,000ಕ್ಕೆ ಒಬ್ಬರಿಗೆ ಬಂತು. ಅಲ್ಲಿ ಬಡವರಿಗೆ ಉಚಿತ, ಒಂದೇ ಒಟಿಯಲ್ಲಿ ದಿನಕ್ಕೆ ಎಷ್ಟೋ ಆಪರೇಷನ್. ಅಮೆರಿಕದಲ್ಲಿ 2013ರಿಂದ 2017ರವರೆಗಿನ 85 ಲಕ್ಷ ಕಣ್ಣುಗಳ ದಾಖಲೆಯಲ್ಲಿ ಬಂದದ್ದು 0.04. ಜನ ಜಾಸ್ತಿ ಇರುವ ಆಸ್ಪತ್ರೆಯಲ್ಲಿ ಸೋಂಕು ಜಾಸ್ತಿ ಅನ್ನುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಲೆಕ್ಕದ ಮೇಷ್ಟ್ರು:
ಡಾಕ್ಟರ್ ಸರ್ ಹೇಳಿದ ಎರಡು ಅಂಕಿ ತೆಗೆದುಕೊಂಡು ಒಂದು ಲೆಕ್ಕ ಹಾಕುತ್ತೇನೆ. ನಮ್ಮ ದೇಶದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಪೊರೆ ಆಪರೇಷನ್ ಆಗುತ್ತವೆ. 60 ಲಕ್ಷ ಅಂತಲೇ ಇಟ್ಟುಕೊಳ್ಳೋಣ. 0.07ರ ಲೆಕ್ಕದಲ್ಲಿ 4,200 ಕಣ್ಣು. 0.02ರ ಲೆಕ್ಕದಲ್ಲಿ 1,200. ನಡುವೆ ಇರುವ 3,000 ಕಣ್ಣು ಉಳಿಯುವುದು ಒಂದು ಹನಿ ಔಷಧಿಯಲ್ಲಿ. ಇದು ಬರೀ ಲೆಕ್ಕ, ಇಡೀ ದೇಶದ ನಿಜವಾದ ಅಂಕಿ ಅಲ್ಲ. ಎಲ್ಲ ಆಸ್ಪತ್ರೆಯೂ ಮದುರೈ ಅಲ್ಲ, ಎಲ್ಲರೂ ತಮ್ಮ ಅಂಕಿ ಹೊರಗೆ ಹಾಕುವುದಿಲ್ಲ.

ಸೊಸೆಯವರೇ, ಇನ್ನೊಂದು ಮಾತು. "ನಮ್ಮಲ್ಲಿ ಒಂದು ಕೇಸೂ ಆಗಿಲ್ಲ" ಅಂತ ಯಾರಾದರೂ ಹೇಳಿದರೆ, ಎಷ್ಟು ಆಪರೇಷನ್‌ಗಳಲ್ಲಿ ಅಂತ ಕೇಳಿ. ಸಾವಿರ ಮಾಡಿ ಒಂದೂ ಆಗಿಲ್ಲ ಅಂದರೆ, ನಿಜವಾದ ಪ್ರಮಾಣ ಸಾವಿರಕ್ಕೆ ಮೂರರವರೆಗೂ ಇರಬಹುದು. ಅಪರೂಪದ ವಿಷಯದಲ್ಲಿ ಸಾವಿರ ಅನ್ನುವುದು ತುಂಬಾ ಚಿಕ್ಕ ಸಂಖ್ಯೆ. ಅದಕ್ಕೇ ನನಗೆ "ವರ್ಷಕ್ಕೆ ಇಷ್ಟು ಸಾವಿರ ಮಾಡುತ್ತೇವೆ, ಕಳೆದ ವರ್ಷ ಎರಡು ಆಯ್ತು, ಹೀಗೆ ನೋಡಿಕೊಂಡೆವು" ಅನ್ನುವ ಆಸ್ಪತ್ರೆಯ ಮೇಲೆ ನಂಬಿಕೆ ಜಾಸ್ತಿ. ಎಣಿಸುವವರು ಮಾತ್ರ ಹಾಗೆ ಹೇಳಬಲ್ಲರು.

ಕರಾವಳಿ ಶಶಿ:
ನನ್ನದೊಂದು ಪ್ರಶ್ನೆ. ಅಮ್ಮನಿಗೆ ಶುಗರ್ ಇದೆ, ಇನ್ಸುಲಿನ್ ತಗೊಳ್ತಾರೆ. ಇವರಿಗೆ ಅಪಾಯ ಜಾಸ್ತಿಯಾ? ಎರಡೂ ಕಣ್ಣಿಗೆ ಒಟ್ಟಿಗೆ ಮಾಡಿಸಿದರೆ ಮಂಗಳೂರಿಗೆ ಎರಡು ಸಲ ಓಡಾಡುವುದು ತಪ್ಪುತ್ತದೆ ಅಂತ ಅಣ್ಣ ಹೇಳ್ತಾನೆ.

ನಿವೃತ್ತ ಕಣ್ಣು ಡಾಕ್ಟರ್:
ಶುಗರ್ ಇದ್ದವರಿಗೆ ಸ್ವಲ್ಪ ಜಾಸ್ತಿ, ಹೌದು. ಅದಕ್ಕೇ ಶುಗರ್ ಹತೋಟಿಗೆ ತಂದು ಮಾಡುತ್ತೇವೆ. ರೆಪ್ಪೆಯ ಬುಡದಲ್ಲಿ ಹೊಟ್ಟು, ಕಣ್ಣೀರಿನ ಚೀಲದಲ್ಲಿ ಕೀವು, ಹಲ್ಲಿನ ಹುಣ್ಣು ಇದ್ದರೆ ಅದನ್ನು ಮೊದಲು ವಾಸಿ ಮಾಡಬೇಕು. ಮೂಗಿನ ಪಕ್ಕ, ಕಣ್ಣಿನ ಮೂಲೆ ಒತ್ತಿ ಡಾಕ್ಟರ್ ನೋಡುತ್ತಾರಲ್ಲ, ಅದು ಚೀಲ ಸರಿಯಿದೆಯೇ ಅಂತ ತಿಳಿಯಲು.

ಆದರೆ ಅಪಾಯವನ್ನು ಎಲ್ಲಕ್ಕಿಂತ ಏರಿಸುವುದು ಆಪರೇಷನ್ ನಡುವೆ ಲೆನ್ಸಿನ ಹಿಂದಿನ ಪರದೆ ಹರಿಯುವುದು. ಮದುರೈನ ಲೆಕ್ಕದಲ್ಲಿ ಪರದೆ ಹರಿದವರಲ್ಲಿ ಸೋಂಕು 0.48 ಇತ್ತು. ಕಣ್ಣೊಳಗೆ ಔಷಧಿ ಹಾಕಿದ ಮೇಲೂ 0.21. ಮಾಮೂಲಿಗಿಂತ ಎಷ್ಟು ಜಾಸ್ತಿ ನೋಡಿ. ಪೊರೆ ಪೂರ್ತಿ ಹಣ್ಣಾಗಲಿ ಅಂತ ವರ್ಷಗಟ್ಟಲೆ ಕಾದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ತೆಗೆಯುವಾಗ ಪರದೆ ಹರಿಯುವ ಸಂಭವ ಜಾಸ್ತಿ. ಹಾಗಾಗಿ ಕಾಯಿಸಬೇಡಿ.

ಎರಡೂ ಕಣ್ಣು ಒಟ್ಟಿಗೆ ಮಾಡುವ ಪದ್ಧತಿ ಹೊರದೇಶದಲ್ಲಿದೆ. ಅಲ್ಲೂ ಎರಡನೇ ಕಣ್ಣನ್ನು ಬೇರೆ ರೋಗಿಯ ಕಣ್ಣು ಅಂತಲೇ ಲೆಕ್ಕ ಹಿಡಿದು ಹೊಸ ಟ್ರೇ, ಹೊಸ ಗ್ಲೌಸ್, ಸಾಧ್ಯವಾದರೆ ಬೇರೆ ಬ್ಯಾಚಿನ ಜೆಲ್, ಬೇರೆ ಬ್ಯಾಚಿನ ದ್ರವ ಬಳಸುತ್ತಾರೆ. ಸಿಸ್ಟರ್ ಹೇಳಿದ ಆ ಕೆಟ್ಟ ಜೆಲ್ ಎರಡೂ ಕಣ್ಣಿಗೆ ಹೋದರೆ? ನಿಮ್ಮ ಅಣ್ಣನಿಗೆ ಹೇಳಿ, ನನ್ನ ತಾಯಿಯಾಗಿದ್ದರೆ ಎರಡು ಸಲ ಓಡಾಡುತ್ತಿದ್ದೆ.

ಮಲೆನಾಡ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಚಿಂತೆ ಇದೆ. ಅತ್ತೆಯವರಿಗೆ ಕಣ್ಣು ಉರಿದರೆ ನಂದಿಬಟ್ಟಲು ಹೂವಿನ ರಸ ಬಿಡುವ ಅಭ್ಯಾಸ. ಹಿತ್ತಲಲ್ಲೇ ಗಿಡ ಇದೆ. ಬಲಗಣ್ಣಿನ ಸಲ ಕಣ್ಣಿಗೆ ತಂಪು ಅಂತ ಹರಳೆಣ್ಣೆ ಕೂಡ ತಂದಿಟ್ಟಿದ್ದರು. ಹೇಗೆ ಹೇಳಿ ಒಪ್ಪಿಸಲಿ?

ಒಟಿ ಸಿಸ್ಟರ್ ಹುಬ್ಬಳ್ಳಿ:
ಅಕ್ಕಾ, ಇದು ನಮಗೆ ದಿನಾ ಇದ್ದದ್ದೇ. ನಂದಿಬಟ್ಟಲು, ಎದೆಹಾಲು, ಜೇನುತುಪ್ಪ, ಎಲ್ಲ ನೋಡಿದ್ದೇನೆ. ಹಿರಿಯರಿಗೆ "ಅದು ಕೆಟ್ಟದ್ದು" ಅಂದರೆ ಸಿಟ್ಟು ಬರುತ್ತದೆ. ನಾನು ಹೀಗೆ ಹೇಳುತ್ತಿದ್ದೆ: "ಅಜ್ಜೀ, ಈಗ ನಿಮ್ಮ ಕಣ್ಣಿನಲ್ಲಿ ಹಸಿ ಗಾಯ ಇದೆ. ಬಾಣಂತಿಗೆ ಹೇಗೆ ಪಥ್ಯವೋ ಹಾಗೆ ಕಣ್ಣಿಗೂ ನಲವತ್ತು ದಿನ ಪಥ್ಯ." ಪಥ್ಯ ಅಂದ ತಕ್ಷಣ ಒಪ್ಪುತ್ತಾರೆ.

ಮನೆಗೆ ಹೋದ ಮೇಲೆ ಡ್ರಾಪ್ಸ್ ಹಾಕುವವರು ಸೋಪಿನಲ್ಲಿ ಕೈ ತೊಳೆಯಬೇಕು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ತಲೆಗೆ ಸ್ನಾನ ಡಾಕ್ಟರ್ ಹೇಳುವವರೆಗೆ ಬೇಡ. ಕೆರೆ, ಬಾವಿ ನೀರು ಮುಖಕ್ಕೆ ಎರಚಿಕೊಳ್ಳುವುದು ಬೇಡವೇ ಬೇಡ. ಸೀರೆ ಸೆರಗಿನಲ್ಲಿ ಕಣ್ಣು ಒರೆಸುವುದನ್ನು ತಪ್ಪಿಸುವುದೇ ನಿಮಗೆ ದೊಡ್ಡ ಕೆಲಸ, ಆ ಕೈ ತಾನಾಗಿ ಹೋಗುತ್ತದೆ. ರಾತ್ರಿ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ ಮಲಗಿಸಿ.

ಇದು ಮಾತ್ರ ಚೆನ್ನಾಗಿ ಕೇಳಿ. ಅತ್ತೆಯವರ ಬಲಗಣ್ಣು ಚೆನ್ನಾಗಿದೆ ಅಂದಿರಿ. ಅದೇ ಮೋಸ ಮಾಡಬಹುದು. ಎಡಗಣ್ಣು ಮಂಜಾದರೂ ಬಲಗಣ್ಣಿನಿಂದ ಎಲ್ಲ ಕಾಣುತ್ತಿರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ದಿನಾ ಬೆಳಿಗ್ಗೆ ಸಂಜೆ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಸಿ, ಅದೇ ಜಾಗದಲ್ಲಿ ಕೂರಿಸಿ, ಗೋಡೆ ಕ್ಯಾಲೆಂಡರ್ ಓದಿಸಿ. ನಿನ್ನೆ ಕಂಡದ್ದು ಇವತ್ತು ಕಾಣದಿದ್ದರೆ ಆಗಲೇ ಹೊರಡಿ.

ನಿವೃತ್ತ ಕಣ್ಣು ಡಾಕ್ಟರ್:
ಸಿಸ್ಟರ್ ಹೇಳಿದ ಕ್ಯಾಲೆಂಡರ್ ಉಪಾಯಕ್ಕೆ ನನ್ನ ಪೂರ್ತಿ ಸಹಮತ. ಎಲ್ಲರೂ ನೋವು ಬಂದರೆ ಹೋಗೋಣ ಅಂತ ಕಾಯುತ್ತಾರೆ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕಣ್ಣೊಳಗೆ ಸೋಂಕಾದ 420 ಜನರಿದ್ದರು. ಅವರಲ್ಲಿ ನೂರಕ್ಕೆ 94 ಜನರಿಗೆ ನೋಟ ಮಂಜಾಗಿತ್ತು, 82 ಜನರಿಗೆ ಕಣ್ಣು ಕೆಂಪಾಗಿತ್ತು. ನೋವು ಇದ್ದದ್ದು 74 ಜನರಿಗೆ. ಅಂದರೆ ನಾಲ್ವರಲ್ಲಿ ಒಬ್ಬರಿಗೆ ನೋವೇ ಇರಲಿಲ್ಲ! ನಿಮ್ಮ ದೊಡ್ಡಮ್ಮನಿಗೂ ಭಾನುವಾರ ದೊಡ್ಡ ನೋವು ಇದ್ದಿರಲಾರದು, ಮಂಜು ಮಾತ್ರ ಇತ್ತು ಅನಿಸುತ್ತದೆ.

ಸಾಮಾನ್ಯವಾಗಿ ಆಪರೇಷನ್ ಆದ ಒಂದು ವಾರದ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. ಬಿರುಸಿನ ಕ್ರಿಮಿಯಾದರೆ ಎರಡನೇ ದಿನವೇ. ಕೆಲವು ನಿಧಾನದ ಕ್ರಿಮಿಗಳು ತಿಂಗಳುಗಟ್ಟಲೆ ಬಿಟ್ಟು ಬರುತ್ತವೆ. ಮರುದಿನವೇ ಕಣ್ಣು ಮಂಜಾದರೆ ಅದು ಸೋಂಕಲ್ಲದೆ, ಉಪಕರಣದಲ್ಲಿ ಉಳಿದ ಸೋಪು ಮುಂತಾದವುಗಳ ಉರಿಯೂತವೂ ಆಗಿರಬಹುದು, ಅದಕ್ಕೆ ಔಷಧಿಯೇ ಬೇರೆ. ಮನೆಯಲ್ಲಿ ಕೂತು ಯಾವುದು ಅಂತ ತೀರ್ಮಾನ ಮಾಡಲು ಆಗುವುದಿಲ್ಲ.

ಬೇಗ ಬಂದರೆ ಕಣ್ಣೊಳಗಿನ ದ್ರವ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿ, ವ್ಯಾಂಕೋಮೈಸಿನ್ ಮತ್ತು ಸೆಫ್ಟಾಜಿಡಿಮ್ ಅನ್ನುವ ಆಂಟಿಬಯೋಟಿಕ್‌ಗಳನ್ನು ಕಣ್ಣೊಳಗೇ ಕೊಡುತ್ತೇವೆ. ಎಷ್ಟೋ ಜನರಿಗೆ ಒಳ್ಳೆಯ ನೋಟ ವಾಪಸ್ ಬಂದಿದೆ. ಇದಕ್ಕೆ ಅಕ್ಷಿಪಟಲದ (ರೆಟಿನಾ) ಡಾಕ್ಟರ್ ಬೇಕು. ನಿಮ್ಮ ಆಸ್ಪತ್ರೆಯಲ್ಲಿ ಇದ್ದಾರಾ, ಇಲ್ಲದಿದ್ದರೆ ರಾತ್ರಿ, ಭಾನುವಾರ ಎಲ್ಲಿಗೆ ಕಳಿಸುತ್ತಾರೆ, ಫೋನ್ ಯಾರು ಎತ್ತುತ್ತಾರೆ, ಇದನ್ನು ಆಪರೇಷನ್‌ಗೆ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಸೋಂಕಿನ ಪ್ರಮಾಣ 5,000ಕ್ಕೆ ಒಂದು ಆಗಿದೆ ಅಂತ ನಾವು ಡಾಕ್ಟರುಗಳು ಖುಷಿಪಡುತ್ತೇವೆ, ಪಡಬೇಕಾದದ್ದೇ. ಆ ಒಬ್ಬರಿಗೆ ಬೇಕಾಗಿರುವುದು ಭಾನುವಾರ ತೆರೆಯುವ ಬಾಗಿಲು.

ಕರಾವಳಿ ಶಶಿ:
ಅಣ್ಣನಿಗೆ ಓದಿಸಿದೆ. ಎರಡು ಸಲವೇ ಹೋಗೋಣ ಅಂದ.

ಮಲೆನಾಡ ಸೊಸೆ:
ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮೆಲ್ಲರ ಮಾತು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. ಕೊನೆಯಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಬಿಡುತ್ತೇವೆ ಅಂದರು. ಹೋದ ವರ್ಷ ತಮ್ಮಲ್ಲಿ ಒಬ್ಬರಿಗೆ ಸೋಂಕಾಗಿತ್ತು, ಮೂರನೇ ದಿನಕ್ಕೆ ಬಂದಿದ್ದರಿಂದ ನೋಟ ಉಳಿಯಿತು ಅಂತ ಅವರಾಗಿಯೇ ಹೇಳಿದರು. ಮೇಷ್ಟ್ರೇ, ಆಗ ನಿಮ್ಮ ನೆನಪಾಯಿತು.

ಆಪರೇಷನ್ ಚೆನ್ನಾಗಿ ಆಯ್ತು. ಲೆನ್ಸಿನ ಸ್ಟಿಕ್ಕರ್ ಕೇಳಿ ಪಡೆದು ಡೈರಿಯಲ್ಲಿ ಅಂಟಿಸಿದ್ದೇನೆ. ನಾಲ್ಕನೇ ದಿನ ರಾತ್ರಿ ಎಂಟು ಗಂಟೆಗೆ ಕಣ್ಣಿನ ಬಿಳಿ ಭಾಗದಲ್ಲಿ ಒಂದು ಕಡೆ ಕಡುಗೆಂಪು ಕಾಣಿಸಿತು. ನನ್ನ ಕೈಕಾಲು ತಣ್ಣಗಾಯಿತು. ಕ್ಯಾಲೆಂಡರ್ ಓದಿಸಿದೆ, ಓದಿದರು. ಆದರೂ ಫೋನ್ ಮಾಡಿದೆ. ಫೋಟೋ ಬೇಡ, ಬಂದುಬಿಡಿ ಅಂದರು. ಮಳೆಯಲ್ಲಿ ಒಂದೂವರೆ ಗಂಟೆ ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅತ್ತೆಯವರು "ಸುಮ್ನೆ ಯಾಕಮ್ಮ ಇಷ್ಟು ಹೊತ್ತಿನಲ್ಲಿ ಜನರಿಗೆ ತೊಂದರೆ" ಅನ್ನುತ್ತಲೇ ಇದ್ದರು. ನನ್ನ ದೊಡ್ಡಮ್ಮನೂ ಅದೇ ಮಾತು ಅಂದುಕೊಂಡೇ ಸುಮ್ಮನಿದ್ದದ್ದು ಅಂತ ಹೇಳಿದೆ. ಆಮೇಲೆ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡು ಕೂತರು. ಡ್ಯೂಟಿ ಡಾಕ್ಟರ್ ಮೆಷಿನ್ನಿನಲ್ಲಿ ನೋಡಿ, ಮೇಲುಪದರದಲ್ಲಿ ಸ್ವಲ್ಪ ರಕ್ತ ಹರಡಿದೆ ಅಷ್ಟೇ, ಒಳಗೆ ಶುಭ್ರವಾಗಿದೆ ಅಂದರು. ಬಂದದ್ದು ಒಳ್ಳೆಯದಾಯಿತು ಅಂತಲೂ ಅಂದರು.

ನಿನ್ನೆ ಡ್ರಾಪ್ಸ್ ನಿಂತಿತು. ಇವತ್ತು ಬೆಳಿಗ್ಗೆ ನಾನು ಹೇಳುವ ಮೊದಲೇ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು ಕ್ಯಾಲೆಂಡರ್ ಮುಂದೆ ನಿಂತಿದ್ದರು. ಏಕಾದಶಿ ಯಾವತ್ತು ಅಂತ ನೋಡುತ್ತಿದ್ದರಂತೆ.